ವಸುಧಾ ಮೇಡಂ ತಿದ್ದಿದ ರಷ್ಯನ್

ತಪ್ಪು ಕಂಡರೆ ವಸುಧಾ ಮೇಡಂಗೆ ತಡೆಯಲಾಗುತ್ತಿರಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ರಷ್ಯನ್ ಕಲಿಸಿದವರು. ಸೋವಿಯತ್ ದೇಶ ಮುಗಿದ ಮೇಲೆ ತರಗತಿಗೆ ಬರುವವರೂ ಮುಗಿದರು. ಗಂಡನ ಜೊತೆ ಟೊರಾಂಟೊಗೆ ಬಂದರೆ ಇಲ್ಲಿ ಅವರ ರಷ್ಯನ್ನನ್ನು ಮೂಸಿ ನೋಡುವವರಿರಲಿಲ್ಲ. ಫ್ಯಾಕ್ಟರಿಯಲ್ಲಿ ಬಿಸ್ಕತ್ತು ಪ್ಯಾಕ್ ಮಾಡುತ್ತ, ಸಿಕ್ಕಾಗಲೆಲ್ಲ ನನ್ನ ಬೆಂಗಳೂರು ಕನ್ನಡ ತಿದ್ದುತ್ತ ಇದ್ದರು.

1998ರಲ್ಲಿ ಅವರಿಗೆ ಬೇರೆ ಕೆಲಸ ಹುಡುಕಿಕೊಟ್ಟವಳು ನಾನೇ. ಮೆಡೋವೇಲಿನ ನಮ್ಮ ಆಫೀಸಿನ ಲರೀಸಾಳ ತಾಯಿ ಜಿನಾಯಿದಾ ಹಗಲೆಲ್ಲ ಎಟೋಬಿಕೋದ ಅಪಾರ್ಟ್‌ಮೆಂಟಿನಲ್ಲಿ ಒಂಟಿ. ರಷ್ಯಾದ ತಮ್ಮೂರಲ್ಲಿ ಬ್ರೆಡ್ ಫ್ಯಾಕ್ಟರಿಯಲ್ಲಿ ದುಡಿದ ಅಜ್ಜಿ. ಇಂಗ್ಲಿಷ್ ಬಾರದು, ಬಾಯಿ ತುಂಬ ಮಾತು. ಕೂತು ಮಾತಾಡಿಸಿದರೆ ಸಾಕು, ಅದೇ ಕೆಲಸ ಎಂದಿದ್ದಳು ಲರೀಸಾ. ಮೇಡಂ ಮೊದಲ ದಿನ ರೇಷ್ಮೆ ಸೀರೆ ಉಟ್ಟು ಹೋದರು. ಅವರ ಮುಖ ಅಷ್ಟು ಅರಳಿದ್ದನ್ನು ಈ ದೇಶದಲ್ಲಿ ನಾನು ನೋಡಿರಲಿಲ್ಲ.

ಅಜ್ಜಿ ಚಮಚ ತೋರಿಸಿ "ಲಝೀ ಸ್ಯುದಾ", ಇಲ್ಲಿಡು, ಅಂದರಂತೆ. ಲಝೀ ಅಲ್ಲ, ಕ್ಲದೀ ಅನ್ನಬೇಕು ಎಂದು ಮೇಡಂ ತಿದ್ದಿದರು. ಮನೆಯಲ್ಲಿ, ಬೀದಿಯಲ್ಲಿ ಎಷ್ಟೋ ಜನ ಹಾಗೇ ಅನ್ನುತ್ತಾರೆಂದು ಅವರಿಗೂ ಗೊತ್ತಿತ್ತು. ವ್ಯಾಕರಣ ಒಪ್ಪುವುದಿಲ್ಲ, ಅಷ್ಟೇ.

"ಅವರ ಭಾಷೆ ಅವರಿಗೇ ಬರಲ್ಲ ಕಣ್ರೀ ರಾಜಲಕ್ಷ್ಮಿ," ಎಂದರು ಫೋನಿನಲ್ಲಿ.

"ಇರ್ಲಿ ಬಿಡಿ ಮೇಡಂ. ನಿಮ್ಮನ್ನ ಟ್ಯೂಷನ್‌ಗೆ ಕರೆದಿಲ್ವಲ್ಲ."

"ತಪ್ಪು ಅಂತ ಗೊತ್ತಿದ್ದೂ ಸುಮ್ನಿರೋಕಾಗುತ್ತಾ?"

ಅಜ್ಜಿ ಮೊದಮೊದಲು ನಕ್ಕರು. ಆಮೇಲೆ ತಡವರಿಸಿ ತಡವರಿಸಿ ಮಾತಾಡತೊಡಗಿದರು. ಬ್ರೆಡ್ ಫ್ಯಾಕ್ಟರಿಯ ಕಥೆ ಅರ್ಧಕ್ಕೇ ನಿಂತಿತು. ಚಳಿಗಾಲ ಮುಗಿಯುವ ಹೊತ್ತಿಗೆ ಅವರ ಬಾಯಲ್ಲಿ ದಾ, ನ್ಯೆತ್, ಅಂದರೆ ಹೌದು, ಇಲ್ಲ, ಇವೆರಡೇ ಉಳಿದವು. ಅವುಗಳಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ಸಂಜೆ ಮಗಳ ಜೊತೆಗೂ ಅಷ್ಟೇ. ಲರೀಸಾ ಹೆದರಿ ಡಾಕ್ಟರಿಗೆ ತೋರಿಸಿದಳು. ಕಾರಣ ತಿಳಿದ ದಿನ ಮೇಡಂಗೆ ನಾಳೆಯಿಂದ ಬರಬೇಡಿ ಎಂದಳು. ನನಗೆ ಮೇಡಂ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಅಯ್ಯೋ ಅನ್ನಿಸಿತು.

ಅವರು ಮತ್ತೆ ಬಿಸ್ಕತ್ತಿಗೆ ಹೋದರು. ಬೇಸಿಗೆಯಲ್ಲೊಮ್ಮೆ, ಅಜ್ಜಿಯ ಮನೆಯಲ್ಲಿ ಮರೆತಿದ್ದ ಶಾಲು ತರಲು ನನ್ನ ಕಾರಿನಲ್ಲಿ ಕರೆದೊಯ್ದೆ. ಮೇಲೆ ಹೋದವರು ಬರಿಗೈಯಲ್ಲಿ ಇಳಿದು ಬಂದರು. ಬಾಗಿಲು ತಟ್ಟಲಿಲ್ಲವಂತೆ. ಒಳಗಿಂದ ಅಜ್ಜಿಯ ಮಾತು ಕೇಳುತ್ತಿತ್ತಂತೆ, ಎಡೆಬಿಡದೆ, ತಪ್ಪುಗಳ ಸಮೇತ. ಮೇಡಂ ಜಾಗಕ್ಕೆ ಹೊಸದಾಗಿ ಬಂದಿದ್ದವಳು ಬ್ರಾಂಪ್ಟನ್ನಿನ ಒಬ್ಬ ಪಂಜಾಬಿ ಹೆಂಗಸು ಎಂದು ಲರೀಸಾ ನನಗೆ ಹೇಳಿದ್ದಳು.

"ಆಕೆಗೆ ಒಂದಕ್ಷರ ರಷ್ಯನ್ ಬರಲ್ಲ," ಎಂದರು ಮೇಡಂ. "ಬರೀ ಹಾಂ ಜೀ, ಹಾಂ ಜೀ ಅಂತಾಳೆ."

ದಾರಿಯುದ್ದಕ್ಕೂ ನಾನು ನನ್ನ ಬೆಂಗಳೂರು ಕನ್ನಡದಲ್ಲಿ ಏನೇನೋ ಮಾತಾಡಿದೆ. ಅವರು ಒಂದನ್ನೂ ತಿದ್ದಲಿಲ್ಲ. ಹೌದು, ಇಲ್ಲ ಅಂದರು, ಅಷ್ಟೇ.