ಗೇರಿನ ಮೇಲಿದ್ದ ಕೈ

ರಬ್ಬರ್ ಶೀಟು ತುಂಬಿದ ಲಾರಿ ನೆಲ್ಯಾಡಿ ಹತ್ತಿರದ ಏರು ಹತ್ತುತ್ತಿತ್ತು. ಇಂಜಿನ್ನಿನ ದನಿ ಕುಗ್ಗಿದ್ದೇ ಡ್ರೈವರ್ ಕ್ಲಚ್ ತುಳಿದ. ಗೇರು ಬದಲಿಸಿದ್ದು ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ!

ಎಂಬತ್ತರ ದಶಕದ ಮಾತು. ಬಸ್ಸು ತಪ್ಪಿ ಆ ಲಾರಿ ಹತ್ತಿದ್ದ ನಾನು ಸೀಟನ್ನು ಬಿಗಿಯಾಗಿ ಹಿಡಿದುಕೊಂಡೆ. ಗೇರು ಬೀಳದಿದ್ದರೆ ಲಾರಿ ಹಿಂದಕ್ಕೆ ಜಾರುವುದೇ. ಹಿಂದೊಮ್ಮೆ ಟೈರು ಬಿಚ್ಚುವಾಗ ಜಜ್ಜಿಹೋದ ಡ್ರೈವರನ ಎಡಗೈಗೆ ಸ್ಟೇರಿಂಗ್ ಒತ್ತಿ ಹಿಡಿಯಲು ಆಗುತ್ತಿತ್ತು, ಗೇರು ಎಳೆಯಲು ಆಗುತ್ತಿರಲಿಲ್ಲ. ಇಬ್ಬರ ನಡುವೆ ಮಾತೇ ಇಲ್ಲ. ಅವನ ಕಾಲು ಅಲುಗಿದರೆ ಅವಳ ಕೈ ಅಲುಗುತ್ತಿತ್ತು.

ಏರು ಮುಗಿದ ಮೇಲೆ ನನಗೆ ಉಸಿರು ಬಂತು. “ಗಲ್ಫಿನಲ್ಲಿ ತನ್ನಷ್ಟಕ್ಕೇ ಗೇರು ಬೀಳುವ ಲಾರಿ ಉಂಟಂತೆ, ನನ್ನ ತಮ್ಮ ಬರೆದಿದ್ದಾನೆ. ಅಂಥದ್ದು ಸಿಕ್ಕಿದ್ರೆ ನಿಮಗೆ ಸುಲಭ” ಎಂದೆ.

“ಸುಲಭ ಹೌದು ಮಾರಾಯ್ರೆ” ಎಂದು ಅವನು ಹೆಂಡತಿಯ ಕಡೆ ನೋಡಿ ನಕ್ಕ. “ಮತ್ತೆ ಇವಳಿಗೆ ನನ್ನೊಟ್ಟಿಗೆ ಬರ್ಲಿಕ್ಕೆ ಎಂತ ನೆವ ಉಂಟು?”

“ಮಾರ್ಗ ನೋಡಿ” ಎಂದಳು ಆಕೆ. ಕೈ ಗೇರಿನ ಮೇಲೇ ಇತ್ತು.

ಈಗ ನನ್ನ ಕಾರಿಗೆ ಕ್ಲಚ್ಚೇ ಇಲ್ಲ, ಗೇರು ತನ್ನಷ್ಟಕ್ಕೇ ಬೀಳುತ್ತದೆ. ಕೆಲಸವಿಲ್ಲದ ಎಡಗೈಯನ್ನು ಒಮ್ಮೊಮ್ಮೆ ಹೆಂಡತಿಯ ಕೈಮೇಲೆ ಇಡುತ್ತೇನೆ. ಅವಳೂ “ಮಾರ್ಗ ನೋಡಿ” ಎನ್ನುತ್ತಾಳೆ. ಕೈ ಮಾತ್ರ ತೆಗೆಯುವುದಿಲ್ಲ.