ಗೋಂದಕ್ಕನ ಒಂದೇ ಎಳೆತ

ಸರ್ರ್, ಸರ್ರ್, ಸರ್ರ್. ದೋಣಿ ಶೆಡ್ಡಿನ ಸ್ಯಾಂಡ್‌ಪೇಪರ್ ಸದ್ದು ಗೋಂದಕ್ಕನ ಅಡುಗೆಮನೆಯ ಕಿಟಕಿಗೂ ಕೇಳುತ್ತಿತ್ತು. ಬೇರೆಯವರಿಗೆ ಅದು ಬರೀ ಸದ್ದು. ಅವಳಿಗೆ ಮಾತ್ರ ಯಾರೋ ತನ್ನ ಹೆಸರನ್ನೇ ಉಜ್ಜಿ ಅಳಿಸುತ್ತಿದ್ದ ಹಾಗೆ. ಅಲ್ಲಿ ಉಜ್ಜುತ್ತಿದ್ದದ್ದು ಅವಳು ನಿನ್ನೆ ತುಂಬಿದ ಮೂಲೆಗಳನ್ನು.

ಹಲಗೆಗೆ ಹಲಗೆ ಕೂಡುವ ಮೂಲೆಯಲ್ಲಿ ಮರದ ಹುಡಿ ಕಲಸಿದ ಎಪಾಕ್ಸಿ ಅಂಟು ತುಂಬಿ, ಒಳಬಾಗಿದ ನುಣುಪು ಗೆರೆಯಾಗಿ ಎಳೆಯುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ಬಿಗಿತದಲ್ಲಿ ಅವಳ ಕೆಲಸಕ್ಕೆ ಎರಡು ಮಾತಿಲ್ಲ. ನುಣುಪಿನಲ್ಲಿ ಮಾತ್ರ ಎಡವಟ್ಟು. ಅವಳ ಪ್ಲಾಸ್ಟಿಕ್ ಪಟ್ಟಿ ಎರಡೂ ಅಂಚಿಗೆ ಏಣು ಬಿಡುತ್ತಿತ್ತು. ಅಂಟು ಕಲ್ಲಾದ ಮೇಲೆ ಅದನ್ನು ಉಜ್ಜಲು ಇಬ್ಬರಿಗೆ ಇಡೀ ಒಂದು ದಿನ.

ಮೇಸ್ತ್ರಿ ಕಡ್ಡಿ ಮುರಿದಂತೆ ಹೇಳಿದ್ದರು: “ನೋಡಮ್ಮ, ಉಳಿದಿರೋದು ಒಂದೇ ಮೂಲೆ. ಅದನ್ನೂ ಉಜ್ಜಬೇಕಾದ್ರೆ ಮುಂದಿನ ದೋಣಿಗೆ ಅಂಟು ಬಿಟ್ಟು ಮೊಳೆನೇ ಗತಿ. ನೀನು ಮೊದಲಿನ ಹಾಗೆ ಬಣ್ಣದ ಡಬ್ಬ ಹಿಡಿ.”

ಆರು ವರ್ಷ ಬಣ್ಣ ಬಳಿದು, ಈ ಕೆಲಸವನ್ನು ಬೇಡಿ ಪಡೆದವಳು ಅವಳು.

ಒಲೆಯ ಮುಂದೆ ಅತ್ತೆ ಮರದ ಸೌಟು ತಿರುಗಿಸುತ್ತಿದ್ದರು. ಇಪ್ಪತ್ತೈದು ವರ್ಷ ಪಾತ್ರೆಯ ತಳ ಕೆರೆದು ಕೆರೆದು ಅದರ ತುದಿ ದುಂಡಗೆ ಸವೆದಿತ್ತು. ಗೋಂದಕ್ಕ ಎವೆಯಿಕ್ಕದೆ ನೋಡಿದಳು. ಅವಳಿಗೆ ಬೇಕಾದ ಬಾಗು ಅದೇ.

“ಅತ್ತೆ, ಆ ಸೌಟು ಕೊಡಿ.”

“ಯಾಕೆ, ನೀನು ಅಡುಗೆ ಮಾಡ್ತೀಯಾ?”

“ದೋಣಿಗೆ ಬೇಕು.”

“ಚೆನ್ನಾಗಿದೆ! ದೋಣಿ ಊಟಕ್ಕೆ ಕೂತಿದೆಯಾ? ಸಂಜೆ ವಾಪಸ್ ತರ್ತೀ ತಾನೇ?”

“ಇಲ್ಲ ಅತ್ತೆ. ಅಂಟು ಮುಟ್ಟಿದ್ದು ಮತ್ತೆ ಅಡುಗೆಗೆ ಆಗಲ್ಲ.”

ಅತ್ತೆ ಒಂದು ಗಳಿಗೆ ಸೌಟನ್ನೂ ಸೊಸೆಯನ್ನೂ ನೋಡಿದರು. “ಅಂದ್ರೆ ಹೆಣ್ಣು ಕೊಟ್ಟ ಹಾಗೆ ಅನ್ನು. ನಡಿ, ಮನೆ ನೋಡದೆ ಕೊಡೋಳಲ್ಲ ನಾನು.” ಸೌಟು ತೊಳೆದು, ಒರೆಸಿ, ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ಶೆಡ್ಡಿನಲ್ಲಿ ಗೋಂದಕ್ಕ ಗಡಿಬಿಡಿಗೆ ಮಾಡಬಾರದ್ದನ್ನು ಮಾಡಿದಳು. ಸ್ವಲ್ಪ ಸ್ವಲ್ಪವೇ ಕಲಸಬೇಕಾದ ಅಂಟನ್ನು ಪೂರ್ತಿ ಒಂದೇ ಮಗ್ಗಿಗೆ ಸುರಿದು ಕಲಸಿದಳು. ರಾಶಿಯಾಗಿ ಬಿಟ್ಟರೆ ಅಂಟು ತನ್ನ ಕಾವಿಗೆ ತಾನೇ ಗಟ್ಟಿಯಾಗುತ್ತದೆ. ಮೂಲೆಯ ಎರಡೂ ಬದಿಗೆ ಟೇಪು ಹಚ್ಚಿ ಮುಗಿಸುವಷ್ಟರಲ್ಲಿ ಮಗ್ಗಿನ ಬಿಸಿ ಕೈಗವಸಿನೊಳಕ್ಕೂ ತಾಗಿತು. ಮತ್ತೆ ಕಲಸಲು ಡಬ್ಬದಲ್ಲಿ ಅಂಟಿರಲಿಲ್ಲ.

“ಬಿಸಿಯಾ? ಹಾಗೇ ಹಿಡ್ಕೊಂಡು ಏನು ನೋಡ್ತೀಯೇ? ಅಗಲಕ್ಕೆ ಹರಡು, ಆರುತ್ತೆ!” ಬಾಗಿಲಿನಿಂದ ಅತ್ತೆ ಕೂಗಿದರು.

ಗೊತ್ತಿದ್ದ ಪಾಠವೇ, ಗಾಬರಿಗೆ ಮರೆತಿತ್ತು. ಪಕ್ಕದಲ್ಲಿದ್ದ ಹಲಗೆ ತುಂಡಿನ ಮೇಲೆ ಸುರಿದು ತೆಳ್ಳಗೆ ಹರಡಿದಳು. ಕಾವು ಇಳಿಯಿತು. ಮೂಲೆಗೆ ತುಂಬಿ, ಕೈ ಚಾಚಿದಳು. ಅತ್ತೆ ಸೌಟು ಕೊಟ್ಟರು. ಉಸಿರು ಬಿಗಿಹಿಡಿದು ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ಹೆಚ್ಚಾದ ಅಂಟು ಟೇಪಿನ ಮೇಲೆ ಸರಿದು ಕೂತಿತು. ಹಸಿಯಿರುವಾಗಲೇ ಟೇಪು ಕಿತ್ತಳು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಗೆ ಏನೂ ಕೇಳಲಿಲ್ಲ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡು ಶೆಡ್ಡಿಗೆ ಓಡಿದರು. ಮೇಸ್ತ್ರಿ ಕಣ್ಣು ಮುಚ್ಚಿ ಮೂಲೆಯುದ್ದಕ್ಕೂ ಹೆಬ್ಬೆರಳು ಎಳೆಯುತ್ತಿದ್ದರು. ಹೋದ ಬೆರಳು ಎಲ್ಲೂ ತಡೆಯದೆ ಹಿಂದೆ ಬಂತು.

“ಉಜ್ಜೋರಿಗೆ ಇವತ್ತು ರಜೆ,” ಎಂದರು. “ಆ ಕಡೆ ಹೊಸ ದೋಣಿ ಹಲಗೆ ಬಂದಿದೆ. ಮೊಳೆ ತರಿಸಿಲ್ಲ.”

“ನಿಮ್ಮ ದೋಣಿ ದಡ ಸೇರ್ತು. ನನ್ನ ಅಡುಗೆಗೆ ಸೌಟು?” ಅತ್ತೆ ಸೊಂಟಕ್ಕೆ ಕೈಯಿಟ್ಟರು.

“ಕೆತ್ತಿ ಕೊಡ್ತೀನಮ್ಮ. ಆದ್ರೆ ಆ ಬಾಗು ಬರೋಕೆ ಇನ್ನೂ ಇಪ್ಪತ್ತೈದು ವರ್ಷ ಬೇಕು.”

“ಅಷ್ಟೇ ತಾನೇ? ನೀವು ತಿರುಗಿಸ್ತಾ ಇರಿ ಅತ್ತೆ,” ಗೋಂದಕ್ಕ ಆಗಲೇ ಸೌಟು ಹಿಡಿದು ಹೊಸ ಹಲಗೆಗಳತ್ತ ನಡೆದಿದ್ದಳು, “ನಾನು ಅಷ್ಟರಲ್ಲಿ ಇದರ ಮೊದಲನೇ ಮೂಲೆಗೆ ಟೇಪು ಹಚ್ತೀನಿ.”