ಐದು ನಿಮಿಷ, ಸೇವ್ ಮಾಡ್ಕೊಳ್ಳಿ

ಆಫೀಸಿಗೆ ಯಾರು ಬಂದ್ರು, ಯಾರು ಬಂದಿಲ್ಲ ಅನ್ನೋದು ಗೇಟಿನ ಸೆಕ್ಯೂರಿಟಿ ಬಿಟ್ರೆ ಮೊದಲು ಗೊತ್ತಾಗೋದು ನನಗೆ. ಕುಡುಮಲಕುಂಟೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಟ್ಟಿನ ಬಾಕ್ಸ್ ಮಾಡೋ ಫ್ಯಾಕ್ಟರಿ ನಮ್ಮದು. ಅಲ್ಲಿ ಸರ್ವರ್ ನೋಡ್ಕೊಳ್ಳೋದು ನನ್ನ ಕೆಲಸ. ಆಫೀಸಿನ ಎಲ್ಲಾ ಕಂಪ್ಯೂಟರುಗಳಿಗೂ ಸೇರಿ ಒಂದೇ ಸರ್ವರ್. ಅವರವರ ಹೆಸರು, ಪಾಸ್‌ವರ್ಡ್ ಕೊಟ್ಟು ಅದರೊಳಗೆ ಬರಬೇಕು. ಬಂದಾಗಿನಿಂದ ಆಚೆ ಹೋಗೋ ತನಕ ಅದೊಂದು ಸೆಷನ್. ನನ್ನ ಕಪ್ಪು ಪರದೆ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ್ರೆ ಯಾರ್ಯಾರ ಸೆಷನ್ ತೆರೆದಿದೆ, ಯಾರು ಕೀ ಮುಟ್ಟದೆ ಸುಮ್ನೆ ಕೂತಿದಾರೆ, ಎಲ್ಲಾ ಕಾಣುತ್ತೆ. ನಮ್ಮಮ್ಮನಿಗೆ ಇದನ್ನ ವಿವರಿಸೋಕೆ ಹೋದ್ರೆ, "ಅದೂ ಒಂದು ಕೆಲಸಾನೇನೇ, ಇನ್ನೊಬ್ಬರ ಮನೆ ಕಿಟಕೀಲಿ ಇಣುಕೋದು" ಅಂತಾಳೆ. ಹೂಂ, ಹಂಗೇ ಅನ್ಕೊಳ್ಳಿ.

ದಿನಾ ಬೆಳಗ್ಗೆ ಮೊದಲು ತೆರೀತಿದ್ದ ಸೆಷನ್ ಡಿಸ್ಪ್ಯಾಚ್ ಅಣ್ಣಂದು. ತಯಾರಾದ ಬಾಕ್ಸುಗಳನ್ನ ಲಾರಿಗೆ ಲೋಡ್ ಮಾಡಿಸಿ, ಬಿಲ್ ಮಾಡಿ, ಗೇಟ್ ದಾಟಿಸೋ ಸೆಕ್ಷನ್ನಿಗೆ ಅವರೇ ಹಿರಿಯರು. ತೊಂಡೇಬಾವಿಯಿಂದ ಪ್ಯಾಸೆಂಜರ್ ರೈಲಲ್ಲಿ ಗೌರಿಬಿದನೂರಿಗೆ ಬಂದು, ಅಲ್ಲಿಂದ ಶೇರ್ ಆಟೋ ಹಿಡಿಯೋರು. ಅವರ ಸೆಷನ್ ತಡವಾಗಿ ತೆರೀತು ಅಂದ್ರೆ ಎಲ್ಲೋ ರೈಲನ್ನ ಕ್ರಾಸಿಂಗಿಗೆ ನಿಲ್ಲಿಸಿದಾರೆ ಅಂತ ಲೆಕ್ಕ. ವಯಸ್ಸಲ್ಲಿ ನಮ್ಮಪ್ಪನಿಗಿಂತ ಸ್ವಲ್ಪ ಚಿಕ್ಕೋರು. ನಾನು ಚಿಂತಾಮಣಿಯೋಳು, ಮನೇಲಿ ತೆಲುಗು ಮಾತಾಡ್ತೀವಿ ಅಂತ ಗೊತ್ತಾಗಿದ್ದೇ ತಡ, ಎಲ್ಲರ ಹತ್ರ ಕನ್ನಡ, ನನ್ನ ಹತ್ರ ಅರ್ಧ ತೆಲುಗು. "ಏಮ್ ತಲ್ಲೀ" ಅಂತಲೇ ಶುರು ಮಾಡೋರು, ಏನು ತಾಯಿ ಅಂತ. ಅವರಿಗೆ ಒಬ್ಬಳೇ ಮಗಳು, ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಓದ್ತಿದ್ಲು. "ಅವಳ ಓದು ಮುಗಿಯೋಗಂಟ ಈ ಕುರ್ಚಿ ನಂಗಿದ್ರೆ ಸಾಕು ತಲ್ಲೀ, ಆಮೇಲೆ ಯಾರಾದ್ರೂ ಕೂತ್ಕೊಳ್ಲಿ" ಅನ್ನೋರು. ಬೇರೆ ಇನ್ನೇನೂ ಅವರು ಬೇಡಿದ್ದನ್ನ ನಾನು ಕೇಳಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಅಣ್ಣ ನನ್ನ ಕ್ಯಾಬಿನ್ನಿಗೆ ಬಂದು ಒಂದು ಮಾತು ಹೇಳಿದ್ರು. ನಮ್ಮ ಸರ್ವರ್ ಆಗಾಗ ಸಿಕ್ಕಾಕ್ಕೊಳ್ಳುತ್ತೆ, ಎಲ್ಲರ ಸೆಷನ್ ಮುಗಿಸಿ ಅದನ್ನ ಆಫ್ ಮಾಡಿ ಆನ್ ಮಾಡಬೇಕು. ನನಗಿಂತ ಮುಂಚೆ ಇದ್ದೋನು ಹೇಳದೆ ಕೇಳದೆ ಮುಗಿಸಿಬಿಡ್ತಿದ್ನಂತೆ. ಸ್ಕ್ರೀನ್ ಲಾಕ್ ಮಾಡಿದ್ರೆ ಒಳಗಿನ ಕೆಲಸ ಹಂಗೇ ಇರುತ್ತೆ. ಸೆಷನ್ನೇ ಮುಗಿಸಿದ್ರೆ ಸೇವ್ ಆಗದೇ ಇದ್ದದ್ದೆಲ್ಲ ಹೋಯ್ತು. "ಕೈ ತೊಳ್ಕೊಂಡು ಊಟಕ್ಕೆ ಕೂತೋರ ಮುಂದಿಂದ ತಟ್ಟೆ ಎತ್ಕೊಂಡಂಗಾಗುತ್ತೆ ತಲ್ಲೀ. ಎತ್ಕೊಳ್ಳೋದೇ ಆದ್ರೆ ಒಂದು ಮಾತು ಹೇಳ್ಬಿಟ್ಟು ಎತ್ಕೊ" ಅಂದ್ರು.

ಅವತ್ತಿಂದ ನಾನು ಒಂದು ಪದ್ಧತಿ ಇಟ್ಕೊಂಡೆ. ಮುಗಿಸೋಕೆ ಮುಂಚೆ ಎಲ್ಲರ ಪರದೆ ಮೇಲೂ ಒಂದು ಸಾಲು ಕಳಿಸೋದು: "ಐದು ನಿಮಿಷ, ಸೇವ್ ಮಾಡ್ಕೊಳ್ಳಿ." ಆ ಸಾಲು ಬಂದ್ರೆ ಅಣ್ಣ ಎದ್ದು ನಿಂತು, ಸಂತೇಲಿ ತರಕಾರಿ ಕೂಗೋರ ಥರ, "ಸೇವ್ ಮಾಡ್ಕೊಳ್ರಪ್ಪೋ!" ಅಂತ ಒಂದು ಕೂಗು ಹಾಕೋರು. ಆಮೇಲೆ ಡಿಸ್ಪ್ಯಾಚಿನೋರೆಲ್ಲ ಗೇಟಿನ ಆಚೆ, ರಸ್ತೆ ಆ ಕಡೆ ಇರೋ ಟೀ ಅಂಗಡಿಗೆ. ಸರ್ವರ್ ಏಳೋ ತನಕ ಕೂತು ಮಾಡೋದಾದ್ರೂ ಏನು? ವಾಪಸ್ ಬರುವಾಗ ಅಣ್ಣ ನನಗೂ ಪೇಪರ್ ಕಪ್ಪಲ್ಲಿ ಟೀ ತರೋರು, ಧೂಳು ಬೀಳದ ಹಾಗೆ ಮೇಲೊಂದು ಖಾಲಿ ಕಪ್ ಬೋರಲು ಹಾಕಿ. ಬಾಗಿಲಲ್ಲಿ ನಿಂತು "ವಚ್ಚಿಂದಾ?" ಅಂತ ಕೇಳೋರು. ಬಂತಾ, ಸರ್ವರ್ ಬಂತಾ ಅಂತ. "ವಚ್ಚಿಂದಣ್ಣಾ" ಅಂತ ನಾನಂದ್ರೆ ಮತ್ತೆ ಅವರವರ ಸೀಟಿಗೆ. ಬರಬರ್ತಾ ಅದು ಹೆಂಗಾಯ್ತು ಅಂದ್ರೆ ನನ್ನ ಸಾಲು ಅಂದ್ರೆ ಟೀ, ಟೀ ಅಂದ್ರೆ ನನ್ನ ಸಾಲು. ದಿಬ್ಬೂರಹಳ್ಳಿಯಿಂದ ಬರ್ತಿದ್ದ ಹುಡುಗಿ ಒಬ್ಬಳು ಡಿಸ್ಪ್ಯಾಚಲ್ಲಿದ್ಲು, ಮನೇಲಿ ರೇಷ್ಮೆ ಹುಳ ಸಾಕ್ತಾರೆ. ಬೆಳಗ್ಗೆ ಎದ್ದು ಸೊಪ್ಪು ಹಾಕಿ ಬರೋಳಿಗೆ ಹತ್ತು ಗಂಟೆಗೇ ಕಣ್ಣು ಎಳೆಯೋದು. ಅವಳಂತೂ, "ಅಕ್ಕಾ, ಇವತ್ತು ಸರ್ವರ್ ಬೀಳಿಸಲ್ವಾ?" ಅಂತ ನನ್ನ ಹತ್ರ ಬಂದು ಗೋಗರೆಯೋಳು.

ಹೋದ ವರ್ಷ ಬೇಸಿಗೆ. ಸರ್ವರನ್ನ ಆಫ್ ಮಾಡಿ ಆನ್ ಮಾಡಿ ಇನ್ನೂ ಒಂದು ವಾರ ಆಗಿರಲಿಲ್ಲ. ಬೆಳಗ್ಗೆ ಮ್ಯಾನೇಜರ್ ನನ್ನ ಕ್ಯಾಬಿನ್ನಿಗೆ ಬಂದು ಬಾಗಿಲು ಹಾಕ್ಕೊಂಡ್ರು. ಡಿಸ್ಪ್ಯಾಚ್ ಕೆಲಸ ಪೂರ್ತಿ ಹೊರಗಿನ ಕಂಟ್ರಾಕ್ಟರಿಗೆ ಕೊಟ್ಟಾಗಿದೆ ಅಂದ್ರು. ಸೆಕ್ಷನ್ನಲ್ಲಿ ಇರೋರಿಗೆಲ್ಲ ಇವತ್ತೇ ಕೊನೆ. ಹನ್ನೊಂದಕ್ಕೆ ಮೀಟಿಂಗ್ ರೂಮಿಗೆ ಕರೆದು ಹೇಳ್ತೀವಿ. ಅವರು ಸೀಟಿಂದ ಎದ್ದ ತಕ್ಷಣ ಸೆಷನ್ ಮುಗಿಸು, ಮತ್ತೆ ಲಾಗಿನ್ ಆಗದ ಹಾಗೆ ಅಕೌಂಟ್ ಲಾಕ್ ಮಾಡು.

"ಅಣ್ಣಂದೂನಾ ಸಾರ್?" ಅಂತ ಕೇಳಿದೆ.

"ಎಲ್ಲರದೂ ಅಂದೆನಲ್ಲಮ್ಮ. ಮುಂಚೆ ಯಾರಿಗೂ ಗೊತ್ತಾಗಬಾರದು. ಸಿಟ್ಟಲ್ಲಿ ಏನಾದ್ರೂ ಡಿಲೀಟ್ ಮಾಡಿಬಿಟ್ರೆ?"

ನನಗೆ ಮೈಯೆಲ್ಲ ಉರಿದುಹೋಯ್ತು. ಡಿಲೀಟಂತೆ! ಒಂದು ಸ್ಪೆಲ್ಲಿಂಗ್ ತಪ್ಪಾದ್ರೂ "ಇದನ್ನ ಅಳಿಸ್ಲಾ ತಲ್ಲೀ?" ಅಂತ ಫೋನ್ ಮಾಡಿ ಕೇಳೋ ಮನುಷ್ಯ ಅವರು. ಆದ್ರೆ ಬಾಯಿ ಬಿಟ್ಟು ಹೇಳೋ ಧೈರ್ಯ ಬರಲಿಲ್ಲ, ನನ್ನ ಕುರ್ಚಿಯೂ ಅದೇ ಆಫೀಸಿಂದು. ಮ್ಯಾನೇಜರೋ, ಹೇಳಿ ಎದ್ದು ಹೋಗೋದು ಬಿಟ್ಟು ನನ್ನೆದುರಿಗೇ ಚೇರ್ ಎಳ್ಕೊಂಡು ಫೋನ್ ನೋಡ್ತಾ ಕೂತ್ಬಿಟ್ರು. ಎದ್ದು ಆಚೆ ಹೋಗಂಗಿಲ್ಲ, ಫೋನ್ ಎತ್ತಂಗಿಲ್ಲ. ಗಾಜಿನ ಆಚೆ ಅಣ್ಣ ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಲಾರಿ ಡ್ರೈವರ್ ಒಬ್ಬನ ಹತ್ರ ಏನೋ ಹೇಳಿ ನಗ್ತಿದ್ರು.

ಕೀಬೋರ್ಡ್ ಒಂದು ನನ್ನ ಕೈಲಿತ್ತು. ಅವರಿಗೆ ಒಂದು ಮಾತು ಹೇಳದೆ ತಟ್ಟೆ ಎತ್ಕೊಳ್ಳಲ್ಲ ಅಂತ ಮನಸ್ಸಲ್ಲೇ ಗಟ್ಟಿ ಮಾಡ್ಕೊಂಡೆ. ಹನ್ನೊಂದಕ್ಕೆ ಸ್ವಲ್ಪ ಮುಂಚೆ ಡಿಸ್ಪ್ಯಾಚಿನ ಸೆಷನ್ನುಗಳಿಗೆ ಮಾತ್ರ ಆ ಸಾಲು ಕಳಿಸಿದೆ: "ಐದು ನಿಮಿಷ, ಸೇವ್ ಮಾಡ್ಕೊಳ್ಳಿ." ನನ್ನ ಲೆಕ್ಕ ಏನಿತ್ತು ಅಂದ್ರೆ, ಹೋದ ವಾರ ತಾನೇ ಮಾಡಿದಾಳೆ, ಈಗ್ಯಾಕೆ, ಅದೂ ನಮ್ಮ ಸೆಕ್ಷನ್ನಿಗೆ ಮಾತ್ರ ಯಾಕೆ ಅಂತ ಅಣ್ಣನಿಗೆ ಅನುಮಾನ ಬರುತ್ತೆ. ಕೇಳೋಕೆ ನನ್ನ ಬಾಗಿಲಿಗೆ ಬರ್ತಾರೆ. ನನ್ನ ಮುಖ, ಎದುರಿಗೆ ಕೂತಿರೋ ಈ ಮಹಾಶಯನ್ನ ನೋಡಿದ್ರೆ ಅರ್ಥ ಮಾಡ್ಕೊಳ್ತಾರೆ. ಎಲ್ಲರೆದುರಿಗೆ ಗೊತ್ತಾಗೋಕೆ ಮುಂಚೆ ಅಷ್ಟಾದ್ರೂ ಸಿಗಲಿ ಅಂತ.

ಅಣ್ಣ ಸಾಲು ಓದಿದ್ರು. ಕನ್ನಡಕ ಕೆಳಗಿಳಿಸಿ ಇನ್ನೊಂದು ಸಲ ಓದಿದ್ರು. ನನ್ನ ಕ್ಯಾಬಿನ್ ಕಡೆ ತಿರುಗಿದ್ರು. ನನಗೆ ಒಂದು ಕೈ ಎತ್ತಿ ತೋರಿಸಿ, ಎದ್ದು ನಿಂತು, "ಸೇವ್ ಮಾಡ್ಕೊಳ್ರಪ್ಪೋ!" ಅಂದ್ರು.

ಅಯ್ಯೋ ದೇವ್ರೇ ಅನ್ಕೊಂಡೆ. ದಿಬ್ಬೂರಹಳ್ಳಿ ಹುಡುಗಿ ಚಪ್ಪಾಳೆ ಹೊಡೆದು ಎದ್ಲು. ಅಣ್ಣ ಮಾತ್ರ ತಕ್ಷಣ ಹೋಗಲಿಲ್ಲ. ಬಗ್ಗಿ ನಿಂತ್ಕೊಂಡೇ ಆ ಡ್ರೈವರಿನ ಬಿಲ್ ಮುಗಿಸಿ, ಪ್ರಿಂಟ್ ತೆಗೆದು ಅವನ ಕೈಗೆ ಕೊಟ್ಟು, ಲಾರಿ ನಿಲ್ಲಬಾರದು ಅಂತ, ಆಮೇಲೆ ಹೊರಟ್ರು. ಊಟದ ಕ್ಯಾರಿಯರ್ ಮೇಜಿನ ಕೆಳಗೇ ಇತ್ತು. ಎಲ್ಲರ ಬ್ಯಾಗೂ ಅಲ್ಲಲ್ಲೇ ಇತ್ತು. ಟೀ ಕುಡಿಯೋಕೆ ಹೋಗೋರು ಯಾರಾದ್ರೂ ಬ್ಯಾಗ್ ತಗೊಂಡು ಹೋಗ್ತಾರಾ?

ಮೀಟಿಂಗ್ ರೂಮಿಂದ ಮ್ಯಾನೇಜರಿಗೆ ಫೋನ್ ಬಂತು. ಕರೆಯೋಕೆ ಹೋದ್ರೆ ಸೆಕ್ಷನ್ನೇ ಖಾಲಿ, ಎಲ್ಲಾ ಗೇಟಿನ ಆಚೆ ಟೀ ಅಂಗಡೀಲಿದಾರೆ ಅಂತ. ಮ್ಯಾನೇಜರ್ ಮೊದಲು ಗಾಬರಿಯಾದ್ರು, ಆಮೇಲೆ ಅವರ ಮುಖ ಅರಳಿತು. "ಆಚೆನೇ ಇರ್ಲಿ ಬಿಡಿ. ಸೆಕ್ಯೂರಿಟಿಗೆ ಹೇಳಿ, ಒಳಗೆ ಬಿಡೋದು ಬೇಡ. ಲೆಟರ್ ಗೇಟಲ್ಲೇ ಕೊಡಿ. ಬ್ಯಾಗೆಲ್ಲ ಆಮೇಲೆ ಕಳಿಸಿದ್ರಾಯ್ತು" ಅಂದ್ರು. ಫೋನ್ ಇಟ್ಟು ನನ್ನ ಪರದೆ ಕಡೆ ಬಗ್ಗಿ ನಾನು ಕಳಿಸಿದ ಸಾಲು ಓದಿದ್ರು. ಬೈತಾರೆ ಅನ್ಕೊಂಡೆ, ಬೈದಿದ್ರೇ ಚೆನ್ನಾಗಿರ್ತಿತ್ತು. "ಪರವಾಗಿಲ್ವೇ! ಗಲಾಟೆ ಇಲ್ಲದೆ ಎಲ್ಲರನ್ನೂ ಆಚೆ ಕಳಿಸಿಬಿಟ್ಯಲ್ಲಮ್ಮ, ಒಳ್ಳೆ ತಲೆ ಓಡಿಸಿದೀಯ" ಅಂದ್ರು.

ನಾನು ಪರದೆ ಕಡೆ ತಿರುಗಿ ಒಂದೊಂದೇ ಸೆಷನ್ ಮುಗಿಸಿದೆ. ಅಣ್ಣಂದು ಕೊನೆಗೆ ಇಟ್ಕೊಂಡಿದ್ದೆ. ಒಳಗೆ ಏನೂ ಬಾಕಿ ಇರಲಿಲ್ಲ, ಎಲ್ಲಾ ಸೇವ್ ಮಾಡಿ ಫೈಲುಗಳನ್ನ ಕ್ಲೋಸ್ ಮಾಡಿ ಹೋಗಿದ್ರು. ಎಂಟರ್ ಒತ್ತಿದೆ, ಆ ಹೆಸರು ಪರದೆ ಮೇಲಿಂದ ಹೋಯ್ತು. ಕಣ್ಣಲ್ಲಿ ನೀರು ಬಂದು, ಅಕೌಂಟ್ ಲಾಕ್ ಮಾಡೋ ಸಾಲು ಟೈಪ್ ಮಾಡೋಕೇ ಆಗಲಿಲ್ಲ.

ಮ್ಯಾನೇಜರ್ ಎದ್ದು ಹೋದ ಮೇಲೆ ಅಣ್ಣನ ಕ್ಯಾರಿಯರ್, ಆ ಹುಡುಗಿಯ ಬ್ಯಾಗ್ ಎರಡನ್ನೂ ಹಿಡ್ಕೊಂಡು ಗೇಟಿನ ಕಡೆ ನಡೆದೆ. ಯಾರಾದ್ರೂ ಕೇಳಿದ್ರೆ ಕೇಳ್ಲಿ ಅಂತ. ಲೆಟರ್ ಕೊಡೋರು ಇನ್ನೂ ಬಂದಿರಲಿಲ್ಲ. ಗೇಟ್ ಹಾಕಿತ್ತು. ಆ ಕಡೆ ಎಲ್ಲರೂ ನಿಂತಿದ್ರು, ಯಾಕೆ ಒಳಗೆ ಬಿಡ್ತಿಲ್ಲ ಅಂತ ಸೆಕ್ಯೂರಿಟಿಯವನನ್ನ ತಮಾಷೆ ಮಾಡ್ತಾ. ಅವನು ತಲೆ ತಗ್ಗಿಸ್ಕೊಂಡಿದ್ದ. ಅಣ್ಣನ ಕೈಲಿ ನನ್ನ ಟೀ ಇತ್ತು, ಮೇಲೊಂದು ಖಾಲಿ ಕಪ್ ಬೋರಲು ಹಾಕಿ. ನನ್ನ ನೋಡಿದ್ದೇ ಗೇಟಿನ ಸರಳುಗಳ ಮಧ್ಯೆ ಕಪ್ ತೂರಿಸಿ ನನ್ನ ಕಡೆ ಹಿಡಿದ್ರು.

"ಏಮ್ ತಲ್ಲೀ, ವಚ್ಚಿಂದಾ?"

ಇಲ್ಲ ಅಣ್ಣಾ ಅಂತ ಹೇಳಬೇಕು. ಇನ್ನು ಬರಲ್ಲ, ನಿಮಗೆ ಬರಲ್ಲ ಅಂತ. ಅಷ್ಟೊತ್ತಿಗೆ ಅವರು ನನ್ನ ಕೈ ನೋಡಿದ್ರು. ಮಧ್ಯಾಹ್ನ ಊಟಕ್ಕೆ ತೆಗೀಬೇಕಾಗಿದ್ದ ಕ್ಯಾರಿಯರ್ ಆ ಹೊತ್ತಲ್ಲಿ ಗೇಟಿನ ಹತ್ರ ಬಂದಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ, ನನ್ನ ಹತ್ರ ಯಾವತ್ತೂ ಪೂರ್ತಿ ಕನ್ನಡದಲ್ಲಿ ಮಾತಾಡದೇ ಇದ್ದೋರು, "ಕೊಡಮ್ಮ ಈ ಕಡೆ. ಟೀ ಆರೋಗುತ್ತೆ, ಕುಡಿ" ಅಂದ್ರು. ಸರಳಿನ ಸಂದೀಲಿ ಕ್ಯಾರಿಯರ್ ತೂರಲಿಲ್ಲ. ಸೆಕ್ಯೂರಿಟಿಯವನು ಚಿಕ್ಕ ಗೇಟನ್ನ ಅಷ್ಟೇ ಅಷ್ಟು ತೆಗೆದು, ಕ್ಯಾರಿಯರ್, ಬ್ಯಾಗ್ ಎರಡನ್ನೂ ಆಚೆ ದಾಟಿಸಿದ.

ಅವರು ಈಗ ತೊಂಡೇಬಾವಿ ಸ್ಟೇಷನ್ ಹತ್ರ ಸಂಬಂಧಿಕರ ಗೊಬ್ಬರದ ಅಂಗಡೀಲಿ ಕೂರ್ತಾರಂತೆ. ಮಗಳು ಒಂದು ವರ್ಷ ಓದು ಬಿಟ್ಟು, ಗೌರಿಬಿದನೂರಲ್ಲೇ ಒಂದು ಕ್ಲಿನಿಕ್ಕಿಗೆ ಹೋಗ್ತಿದಾಳೆ ಅಂತ ಕೇಳಿದೆ. ಎರಡು ಸಲ ಫೋನ್ ಮಾಡಿದೆ. "ಚೆನ್ನಾಗಿದೀವಮ್ಮ" ಅಂದ್ರು, ಎರಡು ಸಲವೂ ಕನ್ನಡದಲ್ಲೇ.

ಡಿಸ್ಪ್ಯಾಚಿನ ಮೇಜುಗಳನ್ನ ತೆಗೆದ ಮೇಲೆ ಆಫೀಸಲ್ಲಿ ಉಳಿದಿರೋದು ಅಕೌಂಟ್ಸು, ಸ್ಟೋರ್ಸು. ಅದಾದ ತಿಂಗಳು ಸರ್ವರ್ ಎಂದಿನಂತೆ ಸಿಕ್ಕಾಕ್ಕೊಂತು. ನಿಜವಾಗ್ಲೂ ಆಫ್ ಮಾಡಿ ಆನ್ ಮಾಡಬೇಕಾಗಿತ್ತು, ಬೇರೇನೂ ಇಲ್ಲ. ಹೇಳದೆ ಮಾಡಬಾರದು ಅನ್ನೋ ಪದ್ಧತಿ ನಾನಿನ್ನೂ ಬಿಟ್ಟಿಲ್ಲ, ಬಿಡೋದೂ ಇಲ್ಲ. "ಐದು ನಿಮಿಷ, ಸೇವ್ ಮಾಡ್ಕೊಳ್ಳಿ" ಅಂತ ಕಳಿಸಿ ಗಾಜಿನ ಆಚೆ ನೋಡಿದೆ. ಟೀ ಕುಡಿಯೋಕೆ ಒಬ್ಬರೂ ಏಳಲಿಲ್ಲ. ಎಲ್ಲರೂ ಒಂದು ಸಲ ನನ್ನ ಕ್ಯಾಬಿನ್ ಕಡೆ ತಿರುಗಿ ನೋಡಿದ್ರು. ಆಮೇಲೆ ಒಬ್ಬೊಬ್ಬರೇ ಬಗ್ಗಿ, ಮೇಜಿನ ಕೆಳಗಿಂದ ಊಟದ ಬ್ಯಾಗ್ ತೆಗೆದು ತೊಡೆ ಮೇಲಿಟ್ಕೊಂಡು ಕೂತ್ರು.